ಹದಿನಾಲ್ಕು ಕೋಲು, ಐದು ದೂರ

ಗಾಲ್ಫ್ ಆಡುವವನ ಚೀಲದಲ್ಲಿ ಹದಿನಾಲ್ಕಕ್ಕಿಂತ ಹೆಚ್ಚು ಕೋಲು ಇರಕೂಡದೆಂದು ನಿಯಮವಿದೆ. ಇಂಥದ್ದೊಂದು ನಿಯಮ ಮಾಡಬೇಕಾಗಿ ಬಂತೆಂದರೆ ಹದಿನಾಲ್ಕೂ ಸಾಲದು ಅಂದವರು ಯಾರೋ ಇದ್ದಿರಲೇಬೇಕು. ಇದ್ದರು. 1930ರ ದಶಕದಲ್ಲಿ ಅಮೆರಿಕದ ಲಾಸನ್ ಲಿಟಲ್ ಇಪ್ಪತ್ತೈದಕ್ಕೂ ಹೆಚ್ಚು ಕೋಲು ಇಟ್ಟುಕೊಂಡು ಆಡುತ್ತಿದ್ದ. ಹೊರುವವನು ಕ್ಯಾಡಿಯಾದ್ದರಿಂದ ಆಡುವವನಿಗೆ ಅದೇನೂ ಭಾರವೆನಿಸಿರಲಾರದು. ಕೊನೆಗೆ 1938ರಲ್ಲಿ ಅಮೆರಿಕದ ಗಾಲ್ಫ್ ಸಂಸ್ಥೆಯವರು, ಮರುವರ್ಷ ಸೇಂಟ್ ಆಂಡ್ರೂಸಿನ ಆರ್ ಅಂಡ್ ಎ ಹಿರಿಯರು ಹದಿನಾಲ್ಕಕ್ಕೆ ಗೆರೆ ಎಳೆದರು. ತಮಾಷೆಯೆಂದರೆ, ಅದಕ್ಕೂ ಎರಡು ದಶಕ ಮೊದಲೇ, 1916ರಲ್ಲಿ, ಚಿಕ್ ಇವಾನ್ಸ್ ಎಂಬಾತ ಬರೀ ಏಳು ಕೋಲು ಹಿಡಿದು ಯುಎಸ್ ಓಪನ್ ಗೆದ್ದಾಗಿತ್ತು.

ನನ್ನ ಚೀಲದಲ್ಲಿ ಹದಿನಾಲ್ಕೂ ಇವೆ. ಒಂದನ್ನೂ ನಾನು ಕೊಂಡದ್ದಲ್ಲ. ನನ್ನ ಷಡ್ಡಕರು ಹೊಸ ಸೆಟ್ಟು ತೆಗೆದುಕೊಂಡಾಗ, ಅಟ್ಟ ಸೇರಬೇಕಾಗಿದ್ದ ಹಳೆಯದು ನಮ್ಮ ಮನೆ ಸೇರಿತು. ಅಮೆರಿಕದಲ್ಲಿದ್ದ ಕಾಲದಲ್ಲಿ ಅವರು ಕೊಂಡಿದ್ದ ಸೆಟ್ಟು ಅದು. “ರಿಟೈರ್ ಆಯ್ತಲ್ಲ ಷಡ್ಡಕ್ರೇ, ದಿನಾ ಪಾರ್ಕಿನಲ್ಲಿ ಸುತ್ತು ಹಾಕೋ ಬದಲು ಒಂದು ಚೆಂಡಿನ ಹಿಂದೆ ಸುತ್ತಿ” ಅಂದರು. ಅಲ್ಲಿಯತನಕ ನನ್ನ ಪಾಲಿಗೆ ಗಾಲ್ಫ್ ಎಂದರೆ ಸ್ಯಾಂಕಿ ರಸ್ತೆಯಲ್ಲಿ ಬಸ್ಸಿನ ಕಿಟಕಿಯಿಂದ ಕಾಣುತ್ತಿದ್ದ ಎತ್ತರದ ಬಲೆ, ಅದರಾಚೆಗಿನ ಹಸಿರು. ಆ ಬಲೆಯಾಚೆಯ ಬೆಂಗಳೂರು ಗಾಲ್ಫ್ ಕ್ಲಬ್ 1876ರದು. ಅಷ್ಟು ವರ್ಷದಿಂದ ಅಲ್ಲಿ ಜನ ಏನು ಮಾಡುತ್ತಿದ್ದಾರೆಂದು ನಮ್ಮ ಬಸ್ಸಿನಲ್ಲಿ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ.

ಊರ ಹೊರಗಿನ ಒಂದು ಡ್ರೈವಿಂಗ್ ರೇಂಜಿನಲ್ಲಿ ನನ್ನ ಅಭ್ಯಾಸ. ಚೆಂಡಿನ ವೇಗ, ಎತ್ತರ, ದೂರ ಎಲ್ಲವನ್ನೂ ಪರದೆಯ ಮೇಲೆ ತೋರಿಸುವ ಯಂತ್ರ ಅಲ್ಲಿದೆ. ಅದನ್ನು ಕಂಡುಹಿಡಿದವನಿಗೆ ಮನುಷ್ಯನ ಮೇಲೆ ಕರುಣೆ ಇರಲಿಲ್ಲ. ಚಪ್ಪಟೆ ಲೋಹದ ತಲೆಯ ಕೋಲಿಗೆ ಐರನ್ ಎನ್ನುತ್ತಾರೆ. ಏಳನೇ ನಂಬರಿನ ಐರನ್‌ನಲ್ಲಿ ಹೊಡೆದರೆ ಯಂತ್ರ 115 ಗಜ ಅಂದಿತು. ಆರರಲ್ಲಿ ಹೊಡೆದೆ, 118. ಐದಕ್ಕೆ 116. ನಾಲ್ಕನ್ನು ಎತ್ತಿಕೊಂಡು ಇದ್ದಬದ್ದ ಬಲವನ್ನೆಲ್ಲ ಹಾಕಿ ಬೀಸಿದೆ. 109. ಪಕ್ಕದಲ್ಲಿ ನಿಂತು ಕಲಿಸುತ್ತಿದ್ದ ಹುಡುಗ ಮೊದಲು ಕ್ಯಾಡಿಯಾಗಿದ್ದವನು; ಗಂಟೆಗಟ್ಟಲೆ ಇಂಥವನ್ನು ನೋಡಿ ಪಳಗಿದವನು. “ಸಾರ್, ನಿಮಗೆ ಐದೂ ಒಂದೇ, ಏಳೂ ಒಂದೇ” ಅಂದ. ಸ್ವಲ್ಪ ತಡೆದು, “ನಾಲ್ಕು ಮಾತ್ರ ಬೇರೆ. ಅದು ಇನ್ನೂ ಹತ್ತಿರ ಬೀಳ್ತದೆ” ಅಂತ ಸೇರಿಸಿದ.

ಕೋಲುಗಳ ಸಿದ್ಧಾಂತವೇನೋ ಕಾಗದದ ಮೇಲೆ ಅಚ್ಚುಕಟ್ಟಾಗಿದೆ. ನಂಬರು ಒಂದೊಂದು ಏರಿದಂತೆ ಐರನ್ ಅರ್ಧ ಇಂಚು ಗಿಡ್ಡವಾಗುತ್ತದೆ, ಅದರ ಮುಖ ಮೂರು ನಾಲ್ಕು ಡಿಗ್ರಿ ಹೆಚ್ಚು ಹಿಂದಕ್ಕೆ ವಾಲುತ್ತದೆ. ಈ ವಾಲಿಕೆಗೆ ಲಾಫ್ಟ್ ಎನ್ನುತ್ತಾರೆ. ಲಾಫ್ಟ್ ಹೆಚ್ಚಿದ್ದರೆ ಚೆಂಡು ಮೇಲಕ್ಕೆ, ಕಡಿಮೆಯಿದ್ದರೆ ಮುಂದಕ್ಕೆ. ಪಿಜಿಎ ಟೂರಿನ ಆಟಗಾರ ಏಳರಲ್ಲಿ ಸುಮಾರು 170 ಗಜ, ಐದರಲ್ಲಿ 190 ದಾಟಿಸುತ್ತಾನೆ. ನಂಬರಿಗೆ ಹತ್ತು ಹನ್ನೊಂದು ಗಜದ ಲೆಕ್ಕ ತಪ್ಪುವುದಿಲ್ಲ. ಈ ಲೆಕ್ಕದಲ್ಲಿ ಕೋಲಿನ ಉದ್ದದ ಪಾಲು ನಾವು ಅಂದುಕೊಂಡಷ್ಟು ದೊಡ್ಡದಲ್ಲ. ಅರ್ಧ ಇಂಚು ಹೆಚ್ಚಿನ ಉದ್ದದಿಂದ ಅಂಥ ಆಟಗಾರನಿಗೂ ಸಿಗುವುದು ಗಂಟೆಗೆ ಎರಡು ಮೈಲಿಯಷ್ಟು ಹೆಚ್ಚಿನ ವೇಗ. ನನ್ನಂಥವನಿಗೆ ಅದಕ್ಕಿಂತಲೂ ಕಡಿಮೆ. ಉಳಿದದ್ದನ್ನು ಲಾಫ್ಟೇ ಮಾಡಬೇಕು. ಆದರೆ ಲಾಫ್ಟ್ ಕಡಿಮೆಯಾದ ಮಾತ್ರಕ್ಕೆ ಚೆಂಡು ದೂರ ಹೋಗಿಬಿಡುವುದಿಲ್ಲ. ಮೊದಲು ಅದು ಗಾಳಿಯಲ್ಲಿ ನಿಲ್ಲಬೇಕು. ನನ್ನ ಚೆಂಡಿನ ತೊಂದರೆ ಇರುವುದೇ ಅಲ್ಲಿ.

ಗಾಲ್ಫ್ ಚೆಂಡು ಗಾಳಿಯಲ್ಲಿ ಅಷ್ಟು ಹೊತ್ತು ಹೇಗೆ ನಿಲ್ಲುತ್ತದೆ ಎನ್ನುವುದನ್ನು ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಪಟ್ಟು ಹಿಡಿದು ಬಿಡಿಸಿದವರು ಎಡಿನ್‌ಬರೋ ವಿಶ್ವವಿದ್ಯಾಲಯದ ಭೌತಶಾಸ್ತ್ರದ ಪ್ರೊಫೆಸರ್ ಪೀಟರ್ ಗಥ್ರಿ ಟೇಟ್. ಕೆಲ್ವಿನ್, ಮ್ಯಾಕ್ಸ್‌ವೆಲ್‌ರಂಥವರ ಗೆಳೆಯರು. ಬಿಡುವು ಸಿಕ್ಕರೆ ಸೇಂಟ್ ಆಂಡ್ರೂಸಿನಲ್ಲಿ ಗಾಲ್ಫ್. ಬರೀ ಎಸೆದ ಕಲ್ಲಿನ ಲೆಕ್ಕ ಹಾಕಿದರೆ ಅಷ್ಟು ತಗ್ಗಿನಲ್ಲಿ ಹೊರಟ ಚೆಂಡು ಅಷ್ಟು ಹೊತ್ತು ಮೇಲಿರಲು ಸಾಧ್ಯವೇ ಇಲ್ಲ. ಟೇಟ್ ಏನು ಮಾಡಿದರೆಂದರೆ, ಚೆಂಡಿಗೆ ಉದ್ದನೆಯ ಒಂದು ಪಟ್ಟಿ ಅಂಟಿಸಿ ಹೊಡೆಸಿ, ಪಟ್ಟಿ ಎಷ್ಟು ಸುತ್ತು ಹೊಸೆದುಕೊಂಡಿದೆ ಎಂದು ಎಣಿಸಿದರು. ಚೆಂಡು ಮುಂದೆ ಹೋಗುತ್ತಲೇ ಹಿಮ್ಮುಖವಾಗಿ ಗಿರಗಿರನೆ ತಿರುಗುತ್ತಿರುತ್ತದೆ, ಆ ತಿರುಗಾಟವೇ ಅದನ್ನು ಎತ್ತಿ ಹಿಡಿಯುತ್ತದೆ ಎಂದು ಗೊತ್ತಾಯಿತು. ಆ ಕಾಲದ ಆಟಗಾರರಿಗೆ ಈ ಮಾತು ರುಚಿಸಲಿಲ್ಲ. ಚೆಂಡು ತಿರುಗುವುದೆಂದರೆ ಹೊಡೆತ ಕೆಟ್ಟಿತು ಎಂದೇ ಅವರಿಗೆ ಗುರುಗಳು ಹೇಳಿಕೊಟ್ಟಿದ್ದರು. ಸ್ವತಃ ಟೇಟ್ ಅದನ್ನು ನಂಬಿ ವರ್ಷಗಟ್ಟಲೆ ತಿರುಗು ಅಡಗಿಸಲು ಹೆಣಗಿದ್ದವರು. ನಿಜ ತಿಳಿಯುವಾಗ ಆಡುವ ವಯಸ್ಸು ದಾಟಿತ್ತೆಂದು ಹಳಹಳಿಸಿದರು. ಮಗ ಫ್ರೆಡ್ಡಿಗೆ ಮಾತ್ರ ಯಾವ ಸೂತ್ರವೂ ಬೇಕಾಗಲಿಲ್ಲ. 1896ರಲ್ಲೂ 1898ರಲ್ಲೂ ಬ್ರಿಟಿಷ್ ಅಮೆಚೂರ್ ಗೆದ್ದ. ಬೋಯರ್ ಯುದ್ಧಕ್ಕೆ ಹೋದವನು ಹಿಂದಿರುಗಲಿಲ್ಲ; 1900ರಲ್ಲಿ ಅಲ್ಲೇ ಸತ್ತ. ಮರುವರ್ಷ ತಂದೆಯೂ ತೀರಿಕೊಂಡರು.

ಟೇಟ್ ಕಂಡುಕೊಂಡ ಈ ಎತ್ತುವ ಬಲ ಸುಮ್ಮನೆ ಸಿಗುವಂಥದ್ದಲ್ಲ. ತಿರುಗಿನ ಜೊತೆಗೆ ಚೆಂಡಿಗೆ ವೇಗವೂ ಬೇಕು. ವೇಗ ಇಳಿದರೆ ಬಲ ಅದಕ್ಕಿಂತ ಜೋರಾಗಿ ಇಳಿಯುತ್ತದೆ. ಏಳನೇ ಐರನ್ನು ತನ್ನ ವಾಲಿಕೆಯಿಂದಲೇ ಚೆಂಡನ್ನು ಮೇಲಕ್ಕೆ ಕಳಿಸುತ್ತದೆ, ತಿರುಗನ್ನೂ ಧಾರಾಳವಾಗಿ ಕೊಡುತ್ತದೆ. ನಿಧಾನವಾಗಿ ಬೀಸುವವನೂ ಅದರಲ್ಲಿ ಬಚಾವು. ನಾಲ್ಕನೆಯದು ಹಾಗಲ್ಲ. ಚೆಂಡನ್ನು ತಗ್ಗಿನಲ್ಲಿ, ಕಡಿಮೆ ತಿರುಗಿನಲ್ಲಿ ಬಿಟ್ಟು, ಮಿಕ್ಕದ್ದನ್ನು ನಿನ್ನ ವೇಗ ನೋಡಿಕೊಳ್ಳಲಿ ಎಂದು ಕೈ ತೊಳೆದುಕೊಳ್ಳುತ್ತದೆ. ವೇಗವಿಲ್ಲದವನ ಚೆಂಡು ಏರುವ ಮೊದಲೇ ಇಳಿಯತೊಡಗುತ್ತದೆ. ಹೀಗೆ ಐದು ಗಳಿಸಿದ್ದನ್ನು ಐದೇ ಕಳೆದುಕೊಂಡು ಏಳರ ಪಕ್ಕದಲ್ಲಿ ಬಂದು ಕೂರುತ್ತದೆ. ನಾಲ್ಕು ಗಳಿಸಿದ್ದಕ್ಕಿಂತ ಹೆಚ್ಚು ಕಳೆಯುತ್ತದೆ.

ಇದನ್ನು ತಲೆಗೆ ಇಳಿಸಿದ್ದು ಟೂರ್ ಆಟಗಾರರ ರಾಡಾರ್ ಅಂಕಿಗಳು. ಆ ಗಂಡಸರು ಅತಿ ದೂರದ ಡ್ರೈವರ್‌ನಲ್ಲಿ ಹೊಡೆಯಲಿ, ಐದರಲ್ಲಿ ಹೊಡೆಯಲಿ, ಅತಿ ಹತ್ತಿರದ ವೆಜ್‌ನಲ್ಲಿ ಹೊಡೆಯಲಿ, ಚೆಂಡು ಏರುವ ಎತ್ತರ ಹೆಚ್ಚು ಕಡಿಮೆ ಒಂದೇ: ಸುಮಾರು 30 ಗಜ. ಎತ್ತರ ಒಂದೇ ಇಟ್ಟುಕೊಂಡು ದೂರವನ್ನು ಬದಲಿಸುವುದು ಅವರ ಆಟ. ನಮ್ಮದು ಸರಿಯಾಗಿ ಅದರ ತಿರುಗುಮುರುಗು: ಕೋಲು ಬದಲಿಸಿದಂತೆ ಎತ್ತರ ಬದಲಾಗುತ್ತದೆ, ದೂರ ಕದಲುವುದಿಲ್ಲ. ರೇಂಜಿನಲ್ಲಿ ನನ್ನ ಐದರ ಚೆಂಡು ಹುಲ್ಲು ಸವರಿಕೊಂಡು ಹೋಗುತ್ತದೆ, ಏಳರದ್ದು ಒಂದಿಷ್ಟು ಆಕಾಶ ನೋಡಿ ಬರುತ್ತದೆ. ಕೊನೆಗೆ ಎರಡೂ ಒಂದೇ ಕಡೆ ಬಿದ್ದಿರುತ್ತವೆ.

ಮಣಿಕಟ್ಟಿನ ಕತೆ ಬೇರೆಯೇ ಇದೆ. ಚೆಂಡು ನೆಲದ ಮೇಲೆ ಕೂತಿರುವುದನ್ನು ಕಂಡರೆ ಅದನ್ನು ಎತ್ತಬೇಕೆಂಬ ಆಸೆ ಎಲ್ಲರಿಗೂ ಹುಟ್ಟುತ್ತದೆ. ಹೊಡೆಯುವ ಕ್ಷಣದಲ್ಲಿ ಮಣಿಕಟ್ಟು ತಾನಾಗಿ ಮುಂದಕ್ಕೆ ಮುರಿಯುತ್ತದೆ, ಕೋಲಿನ ಮುಖ ಇನ್ನಷ್ಟು ಆಕಾಶ ನೋಡುತ್ತದೆ, ಐದನೇ ಐರನ್ನು ಆ ಒಂದು ಗಳಿಗೆಗೆ ಏಳಾಗಿಬಿಡುತ್ತದೆ. “ಎತ್ತೋ ಕೆಲಸ ಕೋಲು ಮಾಡ್ತದೆ, ನೀವು ಎತ್ಬೇಡಿ ಸಾರ್” ಎಂದು ನಮ್ಮ ಹುಡುಗ ದಿನಾ ಹೇಳುತ್ತಾನೆ. ಪಳಗಿದ ಆಟಗಾರರದು ಇದಕ್ಕೆ ಉಲ್ಟಾ. ಚೆಂಡು ತಾಗುವಾಗ ಅವರ ಕೈ ಚೆಂಡಿಗಿಂತ ಮುಂದಿರುತ್ತದೆ, ಕೋಲಿನ ಹಿಡಿ ಗುರಿಯ ಕಡೆ ಬಾಗಿರುತ್ತದೆ; ಏಳರ ಲಾಫ್ಟು ಹಲವು ಡಿಗ್ರಿ ಕಡಿಮೆಯಾಗಿ ಐದರಂತೆ ಕೆಲಸ ಮಾಡುತ್ತದೆ. ಅಂದರೆ ಕೋಲಿನ ಮೇಲೆ ಕೊರೆದ ನಂಬರು ಒಂದು, ಚೆಂಡಿಗೆ ತಾಗುವ ನಂಬರು ಇನ್ನೊಂದು. ಇದರ ಮೇಲೆ, ಕೋಲು ಉದ್ದವಾದಷ್ಟೂ ಚೆಂಡನ್ನು ಮುಖದ ನಟ್ಟನಡುವೆ ತಾಗಿಸುವುದು ಕಷ್ಟ. ನಡುವಿನಿಂದ ಸ್ವಲ್ಪ ಸರಿದರೂ ಗಜಗಳು ಉದುರುತ್ತವೆ.

ಇಷ್ಟು ನಮ್ಮ ಕಡೆಯ ತಪ್ಪು. ಕೋಲು ಮಾಡುವವರ ಕಡೆಯದನ್ನೂ ಹೇಳದಿದ್ದರೆ ನ್ಯಾಯವಲ್ಲ.

ಷಡ್ಡಕರು ತಮ್ಮ ಹೊಸ ಏಳರಲ್ಲಿ 140 ಗಜ ಹೊಡೆಯುತ್ತಾರೆ. ನನಗಿಂತ ಎರಡು ವರ್ಷ ದೊಡ್ಡವರು, ಮೊಣಕಾಲಿನ ನೋವು ಬೇರೆ. “ಟೆಕ್ನಿಕ್ ಷಡ್ಡಕ್ರೇ, ಟೆಕ್ನಿಕ್” ಎಂದು ಅವರು ಆಗಾಗ ಹೇಳುವುದಿತ್ತು. ಒಂದು ಭಾನುವಾರ ನಮ್ಮ ಮನೆಯ ಹಾಲಿನಲ್ಲಿ, ಅಕ್ಕ ತಂಗಿ ಅಡುಗೆಮನೆಯಲ್ಲಿದ್ದಾಗ, ನಾನು ಅವರ ಏಳನ್ನೂ ನನ್ನ ಏಳನ್ನೂ ನೆಲದ ಮೇಲೆ ಅಕ್ಕಪಕ್ಕ ಇಟ್ಟೆ. ಅವರದು ಎದೆ ಸೆಟೆಸಿ ನಿಂತಂತೆ, ನನ್ನದು ಹಿಂದಕ್ಕೆ ಒರಗಿದಂತೆ. ನನ್ನ ಏಳನ್ನು ತೆಗೆದು ನನ್ನ ಐದನ್ನು ಇಟ್ಟೆ. ಎರಡರ ವಾಲಿಕೆಯೂ ಒಂದೇ ಆಗಿತ್ತು. ಷಡ್ಡಕರು ಕನ್ನಡಕ ಹಾಕಿಕೊಂಡು ಒಮ್ಮೆ, ತೆಗೆದು ಒಮ್ಮೆ ನೋಡಿದರು. ಅವರ ಸೆಟ್ಟಿನ ಜೊತೆ ಬಂದ ಕಾಗದದಲ್ಲಿ ಏಳಕ್ಕೆ 29 ಡಿಗ್ರಿ ಎಂದು ಬರೆದೇ ಇತ್ತು. ಐವತ್ತು ವರ್ಷದ ಹಿಂದೆ ಏಳೆಂದರೆ 38 ಡಿಗ್ರಿಯ ಆಸುಪಾಸು. ಇಪ್ಪತ್ತೊಂಬತ್ತು ಎಂದರೆ ಐದು.

ರೆಡಿಮೇಡ್ ಪ್ಯಾಂಟಿನ ಅಂಗಡಿಯವನು ನಲವತ್ತರ ಸೊಂಟಕ್ಕೆ ಮೂವತ್ತೆಂಟರ ಚೀಟಿ ಹೊಲಿದು ಗಿರಾಕಿಯನ್ನು ಖುಷಿಪಡಿಸುವ ಹಾಗೆ ಇದು. ಯಾವ ನಂಬರಿಗೆ ಎಷ್ಟು ಡಿಗ್ರಿ ಎಂದು ಗಾಲ್ಫಿನ ನಿಯಮಪುಸ್ತಕ ಎಲ್ಲೂ ಹೇಳುವುದಿಲ್ಲ. ಚೆಂಡು 45.93 ಗ್ರಾಂ ಮೀರಕೂಡದು, ಡ್ರೈವರ್ ತಲೆಯ ಗಾತ್ರ 460 ಘನ ಸೆಂಟಿಮೀಟರ್ ಮೀರಕೂಡದು ಎಂದು ಕೂದಲು ಸೀಳುವ ಪುಸ್ತಕ, ಕೋಲಿನ ನಂಬರಿನ ವಿಷಯಕ್ಕೆ ಬಂದಾಗ ಮೌನ ತಾಳುತ್ತದೆ. ಹಾಗಾಗಿ ಅಂಗಡಿಯಲ್ಲಿ ‘ನಮ್ಮ ಏಳು ಹತ್ತು ಗಜ ಹೆಚ್ಚು ಹೋಗುತ್ತದೆ’ ಎಂಬ ಮಾತು ಯಾವತ್ತೂ ಸುಳ್ಳಾಗುವುದಿಲ್ಲ. ತಯಾರಕರಿಗೂ ಒಂದು ಸಮರ್ಥನೆ ಇದೆಯೆನ್ನಿ. ಈಗಿನ ಐರನ್‌ಗಳ ಭಾರವನ್ನು ತಳಕ್ಕೆ, ಹಿಂದಕ್ಕೆ ಸರಿಸಿರುವುದರಿಂದ ಚೆಂಡು ಮೊದಲಿಗಿಂತ ಸುಲಭವಾಗಿ ಮೇಲೇಳುತ್ತದೆ. ಲಾಫ್ಟು ಇಳಿಸದಿದ್ದರೆ ಅದು ಆಕಾಶಕ್ಕೇ ಹೋದೀತು. ಈ ಮಾತಿನಲ್ಲಿ ಅರ್ಧ ವಿಜ್ಞಾನ, ಅರ್ಧ ವ್ಯಾಪಾರ ಎಂದು ನನ್ನ ಅಂದಾಜು.

ವ್ಯಾಪಾರ ಎಂದು ಯಾಕೆ ಹೇಳಿದೆನೆಂದರೆ, ಮುಂದಿನದನ್ನು ಕೇಳಿ. ಮೊದಲು 50 ಡಿಗ್ರಿ ಇದ್ದ ಪಿಚಿಂಗ್ ವೆಜ್ ಈಗ 44ಕ್ಕೆ ಬಂದು ನಿಂತಿದೆ. ಬಂಕರಿನಿಂದ ಮರಳು ಹಾರಿಸುವ ಸ್ಯಾಂಡ್ ವೆಜ್ ಮಾತ್ರ 56ರಲ್ಲೇ ಇದೆ, ಯಾಕೆಂದರೆ ಮರಳು ಯಾರ ಜಾಹೀರಾತನ್ನೂ ಓದುವುದಿಲ್ಲ. ನಡುವೆ ಹನ್ನೆರಡು ಡಿಗ್ರಿಯ ಖಾಲಿ ಜಾಗ. ಅದನ್ನು ತುಂಬಲು ಗ್ಯಾಪ್ ವೆಜ್ ಎಂದು ಇನ್ನೊಂದು ಕೋಲು ಮಾರುತ್ತಾರೆ. ತೆರಪು ಮಾಡಿದವರೂ ಅವರೇ, ತುಂಬುವವರೂ ಅವರೇ. ಇತ್ತ ಉದ್ದದ ಕೋಲುಗಳ ಕಡೆ ನೂಕುನುಗ್ಗಲು. ಏಳೇ 29ಕ್ಕೆ ಇಳಿದ ಮೇಲೆ ಆರು, ಐದು, ನಾಲ್ಕು ಎಲ್ಲಿ ನಿಲ್ಲಬೇಕು? ಅವುಗಳ ನಡುವೆ ಮೂರೇ ಡಿಗ್ರಿ ಉಳಿಯುತ್ತದೆ, ಕೆಲವು ಸೆಟ್ಟುಗಳಲ್ಲಿ ಅದಕ್ಕಿಂತಲೂ ಕಡಿಮೆ. ಸಾಮಾನ್ಯ ಆಟಗಾರನ ಕೈಯಲ್ಲಿ ಆ ಮೂರು ಡಿಗ್ರಿ ಎಲ್ಲಿ ಮಾಯವಾಯಿತೆಂದೇ ತಿಳಿಯುವುದಿಲ್ಲ. ಅದಕ್ಕೇ ಈಗ ಎಷ್ಟೋ ಸೆಟ್ಟುಗಳು ಐದರಿಂದಲೇ ಶುರುವಾಗುತ್ತವೆ; ಮೂರು ನಾಲ್ಕನ್ನು ಕೇಳಿದರೂ ಕೊಡುವುದಿಲ್ಲ, ಬದಲಿಗೆ ದಪ್ಪ ತಲೆಯ ವುಡ್ಡಿಗೂ ಐರನ್ನಿಗೂ ನಡುವಿನ ಹೈಬ್ರಿಡ್ ತಗೊಳ್ಳಿ ಎನ್ನುತ್ತಾರೆ. ಒಳ್ಳೆಯ ಸಲಹೆಯೇ. ಆದರೆ ನಾಲ್ಕನೇ ಹೈಬ್ರಿಡ್ಡನ್ನೂ ಇಟ್ಟುಕೊಂಡು ನಾಲ್ಕನೇ ಐರನ್ನನ್ನೂ ಬಿಡದವರನ್ನು, ಜೊತೆಗೆ ಏಳನೇ ವುಡ್ ಸೇರಿಸಿಕೊಂಡವರನ್ನು ನಾನು ಕಂಡಿದ್ದೇನೆ. ಮೂರೂ ಒಂದೇ ಊರಿಗೆ ಹೋಗುವ ಬಸ್ಸುಗಳು.

ಹೆಚ್ಚಿನ ಕೋಲು ಎಂಥವರ ಬುಡಕ್ಕೂ ಬರುತ್ತದೆ ಎನ್ನುವುದಕ್ಕೆ ವೇಲ್ಸ್‌ನ ಇಯಾನ್ ವೂಸ್ನಮ್ ಸಾಕ್ಷಿ. 2001ರ ಬ್ರಿಟಿಷ್ ಓಪನ್, ರಾಯಲ್ ಲಿದಮ್ ಮೈದಾನ, ಕೊನೆಯ ದಿನ. ಮೊದಲ ಹೋಲ್‌ನಲ್ಲೇ ಬರ್ಡಿ, ಅಂದರೆ ನಿಗದಿಗಿಂತ ಒಂದು ಹೊಡೆತ ಕಡಿಮೆ, ಹೊಡೆದು ಮುಂಚೂಣಿಗೆ ಬಂದಿದ್ದ. ಎರಡನೆಯ ಟೀಗೆ ಬಂದಾಗ ಕ್ಯಾಡಿ ಮುಖ ಸಪ್ಪಗೆ ಮಾಡಿಕೊಂಡು, ಚೀಲದಲ್ಲಿ ಹದಿನೈದು ಕೋಲಿವೆ ಎಂದ. ಬೆಳಿಗ್ಗೆ ಪರೀಕ್ಷೆಗೆಂದು ಹಿಡಿದಿದ್ದ ಎರಡನೆಯ ಡ್ರೈವರ್ ಅಲ್ಲೇ ಉಳಿದುಬಿಟ್ಟಿತ್ತು. ಎರಡು ಹೊಡೆತದ ದಂಡ ತೆತ್ತು, ಆ ಡ್ರೈವರನ್ನು ಪೊದೆಯ ಕಡೆಗೆ ಎಸೆದು, ವೂಸ್ನಮ್ ಆ ದಿನ ಜಂಟಿ ಮೂರನೆಯವನಾಗಿ ಮುಗಿಸಿದ. ಒಂದೇ ದೂರ ಹೋಗುವ ಎರಡು ಕೋಲಿಗೆ ಇಷ್ಟು ಬೆಲೆ ತೆತ್ತವರು ಇನ್ನೊಬ್ಬರಿಲ್ಲವೇನೋ.

ಉದ್ದದ ಗೊಡವೆಯೇ ಬೇಡ ಎಂದವನೂ ಇದ್ದಾನೆ. ಭೌತಶಾಸ್ತ್ರ ಓದಿದ ಅಮೆರಿಕದ ಬ್ರೈಸನ್ ಡಿಶಾಂಬೋ ತನ್ನ ಐರನ್‌ಗಳನ್ನೆಲ್ಲ ಒಂದೇ ಉದ್ದಕ್ಕೆ ಮಾಡಿಸಿಕೊಂಡ. ನಿಲ್ಲುವ ಭಂಗಿ ಒಂದೇ, ಬೀಸುವ ರೀತಿ ಒಂದೇ, ದೂರ ಬದಲಿಸುವುದು ಲಾಫ್ಟಿನ ಕೆಲಸ. ಅವುಗಳನ್ನೇ ಹಿಡಿದು 2020ರಲ್ಲೂ 2024ರಲ್ಲೂ ಯುಎಸ್ ಓಪನ್ ಗೆದ್ದ. ಇದನ್ನು ಕೇಳಿ ಷಡ್ಡಕರು ಅಂಥದ್ದೊಂದು ಸೆಟ್ಟಿನ ಬೆಲೆ ವಿಚಾರಿಸಿದರು. ಅವನಿಗಿರುವ ವೇಗ ಸೆಟ್ಟಿನ ಜೊತೆ ಬರುವುದಿಲ್ಲ ಎಂದು ನಾನು ಹೇಳಬೇಕಾಯಿತು.

ದೂರ ಕಡಿಮೆಯಾದರೆ ಆಟವೇ ಕಡಿಮೆ ಎಂದು ತಿಳಿಯುವವರು ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಆಡುವುದನ್ನು ನೋಡಬೇಕು. 2021ರ ಆಗಸ್ಟಿನಲ್ಲಿ ಟೋಕಿಯೋ ಒಲಿಂಪಿಕ್ಸ್‌ನ ಕೊನೆಯ ಸುತ್ತು ನಡೆಯುವಾಗ, ಬರ್ಡಿ ಎಂದರೆ ಹಕ್ಕಿಯೋ ಏನೋ ಎಂದುಕೊಂಡಿದ್ದ ಮನೆಗಳಲ್ಲೂ ಬೆಳಗಿನ ಕಾಫಿ ಟಿವಿ ಮುಂದೆ ಆರಿತು. ವಿಶ್ವದ 200ನೇ ಸ್ಥಾನದಲ್ಲಿದ್ದ ಹುಡುಗಿ, ಅಮ್ಮನನ್ನೇ ಕ್ಯಾಡಿ ಮಾಡಿಕೊಂಡು, ಒಂದೇ ಹೊಡೆತದಿಂದ ಪದಕ ತಪ್ಪಿಸಿಕೊಂಡು ನಾಲ್ಕನೆಯವಳಾದಳು. ಆಕೆಯ ಡ್ರೈವು ಜೊತೆಯವರದ್ದಕ್ಕಿಂತ ಹಿಂದೆಯೇ ಬೀಳುತ್ತಿತ್ತು. ಬೇರೆಯವರು ಗಿಡ್ಡ ಐರನ್ ತೆಗೆಯುವ ಕಡೆ ಆಕೆ ಹೈಬ್ರಿಡ್ ತೆಗೆಯಬೇಕು. ತೆಗೆಯುತ್ತಿದ್ದಳು, ಸಂಕೋಚವಿಲ್ಲದೆ, ಗ್ರೀನ್ ಮೇಲೆ ಹೋದ ಮೇಲೆ ಪಟರ್‌ನಲ್ಲಿ ಲೆಕ್ಕ ಚುಕ್ತಾ ಮಾಡುತ್ತಿದ್ದಳು. ಗಂಡಸರ ಟೂರಿನ ಪಿಚಿಂಗ್ ವೆಜ್ ಮತ್ತು ಹೆಂಗಸರ ಟೂರಿನ ಏಳನೇ ಐರನ್ ಸರಾಸರಿಯಲ್ಲಿ ಹೋಗುವ ದೂರ ಹತ್ತಿರ ಹತ್ತಿರ ಒಂದೇ, 140ರ ಆಸುಪಾಸು. ಇದರಿಂದ ಯಾರ ಆಟಕ್ಕೂ ಕುಂದು ಬಂದದ್ದು ನನಗೆ ಕಂಡಿಲ್ಲ.

ಬೆಂಗಳೂರಿನ ಮಾತು ಬಂತಲ್ಲ, ಇನ್ನೊಂದು ಲೆಕ್ಕವನ್ನೂ ಹೇಳಿಬಿಡುತ್ತೇನೆ. ನಮ್ಮೂರು ಸಮುದ್ರಮಟ್ಟದಿಂದ ಸುಮಾರು 3000 ಅಡಿ ಮೇಲಿದೆ. ಗಾಳಿ ತೆಳುವಾದ್ದರಿಂದ ಚೆಂಡು ನೂರಕ್ಕೆ ಮೂರು ಮೂರೂವರೆ ಗಜ ಹೆಚ್ಚು ಹೋಗುತ್ತದೆ. ಷಡ್ಡಕರ 140ರಲ್ಲಿ ನಾಲ್ಕೈದು ಗಜ ಕೆಂಪೇಗೌಡರದು. ಮಂಗಳೂರಿನ ಪಿಲಿಕುಳದಲ್ಲಿ ಆಡಿದರೆ ಅಷ್ಟನ್ನು ವಾಪಸು ಕೊಡಬೇಕು. ಡಿಗ್ರಿಯ ಲೆಕ್ಕದಲ್ಲಿ ಒಮ್ಮೆ ಕಳೆದಾಗಿದೆ, ಸಮುದ್ರಮಟ್ಟದ ಲೆಕ್ಕದಲ್ಲೂ ಕಳೆಯುವುದು ಸಂಬಂಧಿಕರಿಗೆ ಶೋಭಿಸುವುದಿಲ್ಲವೆಂದು ಅವರ ಮುಂದೆ ಇದನ್ನು ಎತ್ತಿಲ್ಲ.

ಸ್ಪೇನಿನ ಸೆವೆ ಬಾಲೆಸ್ಟರೋಸ್ ಹುಡುಗನಾಗಿದ್ದಾಗ ಪೆಡ್ರೆನ್ಯಾದ ಕಡಲ ತೀರದಲ್ಲಿ ಒಂದೇ ಒಂದು ಮೂರನೇ ಐರನ್ ಹಿಡಿದು ಆಟ ಕಲಿತ. ಎತ್ತರ ಬೇಕಾದರೂ ಅದೇ, ತಗ್ಗು ಬೇಕಾದರೂ ಅದೇ, ಮರಳಿನಿಂದ ಎತ್ತುವುದಕ್ಕೂ ಅದೇ. ನಮ್ಮ ರೇಂಜಿನ ಹುಡುಗನ ಕೈಚಳಕವೂ ಅದೇ ಜಾತಿಯದು. ಜನ ಇಲ್ಲದ ಮಧ್ಯಾಹ್ನ ನನ್ನ ಏಳನ್ನೇ ತೆಗೆದುಕೊಂಡು 60 ಗಜದ ಬಾವುಟಕ್ಕೊಂದು, 100 ಗಜದ್ದಕ್ಕೊಂದು, ಕೊನೆಗೆ 160ರ ಬೋರ್ಡಿಗೊಂದು ಚೆಂಡು ಬಾರಿಸುತ್ತಾನೆ. ಒಂದೇ ಕೋಲಿನಿಂದ ಹತ್ತು ದೂರ ತೆಗೆಯುವವನ ಎದುರು ಹತ್ತು ಕೋಲಿನಿಂದ ಒಂದೇ ದೂರ ತೆಗೆಯುವವನು ಕುರ್ಚಿಯಲ್ಲಿ ಕೂತು ನಿಂಬೆಹಣ್ಣಿನ ಶರಬತ್ತು ಕುಡಿಯುತ್ತಿರುತ್ತಾನೆ.

ಅವನದೇ ಸಲಹೆಯಂತೆ ಈಗ ಒಂದು ಡ್ರೈವರ್, ಐದನೇ ವುಡ್, ಒಂದು ಹೈಬ್ರಿಡ್, ಏಳು, ಒಂಬತ್ತು, ಎರಡು ವೆಜ್, ಪಟರ್ ಇಷ್ಟನ್ನೇ ಬಳಸುತ್ತೇನೆ. ಮೂರನೇ ವುಡ್ಡಿಗಿಂತ ಐದನೆಯದೇ ಹುಲ್ಲಿನ ಮೇಲಿಂದ ನನಗೆ ದೂರ ಹೋಗುತ್ತದೆ, ಕಾರಣ ಮೊದಲೇ ಹೇಳಿದ್ದೇ. ಉಳಿದವು ಚೀಲದಲ್ಲೇ ಇರುತ್ತವೆ. ತೆಗೆದಿಟ್ಟರೆ ಚೀಲ ಬಡವಾಗಿ ಕಾಣುತ್ತದೆಂದು ಮನೆಯವಳು ಹೇಳುತ್ತಾಳೆ, ಕೊಟ್ಟವರು ಅವಳ ಅಕ್ಕನ ಗಂಡ ಬೇರೆ.

ಮೊನ್ನೆ ನಾಲ್ವರು ಆಡಲು ಹೋಗಿದ್ದೆವು. 130 ಗಜದ ಪಾರ್ ಮೂರು, ಗ್ರೀನಿನ ಮುಂದೆ ಒಂದು ಕೊಳ. ಷಡ್ಡಕರು ಹೊಸ ಏಳು ತೆಗೆದರು. ಬ್ಯಾಂಕಿನಿಂದ ನಿವೃತ್ತರಾದ ಮ್ಯಾನೇಜರ್ ಒಬ್ಬರು ಐದು. ಸಾಫ್ಟ್‌ವೇರ್ ಕಂಪನಿಯ ಹುಡುಗನೊಬ್ಬ ಪಿಚಿಂಗ್ ವೆಜ್ ಸಾಕು ಅಂದ. ಬೀಸಿದ ರಭಸಕ್ಕೆ ಚೆಂಡಿಗಿಂತ ಮೊದಲು ಒಂದು ಹೆಂಟೆ ಹುಲ್ಲು ಎದ್ದು ಬಂತು. ನಾನು ಹೈಬ್ರಿಡ್. ನಾಲ್ಕು ಚೆಂಡೂ ಕೊಳಕ್ಕೆ ಹತ್ತು ಹೆಜ್ಜೆ ಇರುವಾಗಲೇ ನಿಂತವು. ಯಾರ ಕೋಲು ಯಾವುದು, ಗಾಳಿ ಯಾವ ಕಡೆಯಿಂದ ಬಂತು ಎಂದು ನಾವು ವಾದ ಮಾಡುತ್ತ ನಡೆಯುವಾಗ, ಚೀಲ ಎಳೆಯುತ್ತಿದ್ದ ಕ್ಯಾಡಿ ಮುಂದೆ ಹೋಗಿ ನೋಡಿ ಕೂಗಿ ಹೇಳಿದ:

“ಎಲ್ಲರದೂ ಒಂದೇ ಕಡೆ ಬಿದ್ದಿದೆ ಸಾರ್. ಹುಡುಕೋ ಕೆಲಸ ಇಲ್ಲ.”